ಫೋಟೋ ತೋರಿಸಿ, ಹೆಸರು ಕೇಳಿ ಬದಲಿಸುವ ಸ್ಕ್ರಿಪ್ಟ್: ಹನ್ನೆರಡು ಫೈಲುಗಳಲ್ಲಿ ಆರು ಕಾಣೆಯಾಗಿವೆ

ಕಲ್ಲುಹುಡುಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ರಜೆ ಸಿಕ್ಕಾಗಲೆಲ್ಲ ತಿರುಗಾಡಿ ವೀರಗಲ್ಲು, ಮಾಸ್ತಿಗಲ್ಲು (ಸತಿಹೋದವರ ನೆನಪಿನ ಕಲ್ಲು) ಮತ್ತು ಶಾಸನಗಳ ಫೋಟೋಗಳನ್ನು ತೆಗೆದಿಟ್ಟುಕೊಂಡಿದ್ದೇನೆ. ಅವು ಈಗ ಎಂಟುನೂರು ದಾಟಿವೆ, ಮತ್ತು ಎಲ್ಲವೂ ಕ್ಯಾಮೆರಾ ಕೊಟ್ಟ ಐಎಂಜಿ_0401, ಐಎಂಜಿ_0402 ಎಂಬಂಥ ಹೆಸರುಗಳಲ್ಲೇ ಉಳಿದಿವೆ. ಫೈಲುಗಳಿಗೆಲ್ಲ ಒಂದೇ ಏಟಿಗೆ ಹೆಸರು ಬದಲಿಸುವ ಸಾಧನಗಳು ಬೇಕಾದಷ್ಟಿವೆ ಎಂಬುದು ನನಗೆ ಗೊತ್ತು. ಆದರೆ ನನ್ನ ಕೆಲಸಕ್ಕೆ ಅವು ಒದಗುವುದಿಲ್ಲ, ಏಕೆಂದರೆ ಪ್ರತಿಯೊಂದು ಕಲ್ಲನ್ನೂ ಕಣ್ಣಿಟ್ಟು ನೋಡಿದ ಮೇಲಷ್ಟೇ ಅದಕ್ಕೆ ಹೆಸರಿಡಲು ಸಾಧ್ಯ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಇದ್ದರೆ ಅದು ವೀರಗಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಮಾಸ್ತಿಗಲ್ಲು. ಎರಡೂ ಒಂದೇ ಕಲ್ಲಿನಲ್ಲಿರುವುದೂ ಉಂಟು.

ಆದ್ದರಿಂದ ಉಬುಂಟುವಿನಲ್ಲಿ (ಲಿನಕ್ಸಿನ ಒಂದು ಬಗೆ) ಒಂದು ಪುಟ್ಟ ಬ್ಯಾಷ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಕಮಾಂಡುಗಳ ಸರಣಿ, ಬರೆದೆ. ಎಲ್‌ಎಸ್ ಕಮಾಂಡು ಕೊಡುವ ಫೈಲುಗಳ ಪಟ್ಟಿಯನ್ನು ಪೈಪಿನ (ಒಂದು ಕಮಾಂಡಿನ ಫಲಿತಾಂಶವನ್ನು ಇನ್ನೊಂದಕ್ಕೆ ಹರಿಸುವ ಕೊಳವೆ) ಮೂಲಕ ಒಂದು ವೈಲ್ ಲೂಪಿಗೆ ಕಳಿಸಿದ್ದೇನೆ, ಲೂಪಿನ ತಲೆಯಲ್ಲಿರುವ ರೀಡ್ ಹಳೆಯ ಹೆಸರನ್ನು ತೆಗೆದುಕೊಳ್ಳುತ್ತದೆ, ಒಳಗಿರುವ ಇನ್ನೊಂದು ರೀಡ್ "ಹೊಸ ಹೆಸರು?" ಎಂದು ನನ್ನನ್ನು ಕೇಳಬೇಕು, ಆಮೇಲೆ ಎಂವಿ ಹೆಸರನ್ನು ಬದಲಿಸಬೇಕು. ಪುಣ್ಯಕ್ಕೆ ಮೂಲ ಫೋಲ್ಡರನ್ನು ಮುಟ್ಟದೆ, ಹನ್ನೆರಡು ಫೋಟೋಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು ಪರೀಕ್ಷಿಸಿದೆ.

ಎಂಟರ್ ಒತ್ತಿದ ಕೂಡಲೇ, ಒಂದು ಪ್ರಶ್ನೆಯನ್ನೂ ಕೇಳದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಕ್ರಿಪ್ಟ್ ಮುಗಿದುಹೋಯಿತು. ಫೋಲ್ಡರ್ ತೆರೆದರೆ ಅಲ್ಲಿ ಉಳಿದಿದ್ದು 0402, 0404, 0406 ಹೀಗೆ ಸಮಸಂಖ್ಯೆಯ ಆರು ಫೈಲುಗಳು ಮಾತ್ರ. ಇನ್ನೂ ವಿಚಿತ್ರವೆಂದರೆ, 0402ನ್ನು ತೆರೆದಾಗ ಕಂಡದ್ದು 0401ರಲ್ಲಿದ್ದ ಬಳ್ಳಿಗಾವಿಯ ಕಲ್ಲು. ಹನ್ನೆರಡನ್ನೂ ಮತ್ತೆ ನಕಲು ಮಾಡಿಕೊಂಡು, ಎಂವಿಗೆ ಮೈನಸ್ ಐ ಸೇರಿಸಿ ಮತ್ತೆ ಓಡಿಸಿದೆ. ಈ ಬಾರಿ "ಇದರ ಮೇಲೆ ಬರೆಯಲೇ?" ಎಂದು ಒಂದೇ ಒಂದು ಸಲ ಕೇಳಿದಂತೆ ಮಾಡಿ, ನನ್ನ ಉತ್ತರಕ್ಕೂ ಕಾಯದೆ ನಿಂತುಹೋಯಿತು; ಹನ್ನೆರಡು ಫೈಲುಗಳೂ ಇದ್ದಂತೆಯೇ ಇದ್ದವು. ಎರಡು ಸಲವೂ, ಎಷ್ಟು ಫೈಲುಗಳನ್ನು ನೋಡಿದೆ ಎಂದು ಎಣಿಸಲು ನಾನು ಇಟ್ಟಿದ್ದ ವೇರಿಯಬಲ್ ಕೊನೆಯಲ್ಲಿ ಸೊನ್ನೆಯನ್ನೇ ತೋರಿಸಿತು.

ದಯವಿಟ್ಟು ಸಿದ್ಧ ಸ್ಕ್ರಿಪ್ಟನ್ನು ಕೊಡಬೇಡಿ. ಹೀಗೇಕಾಯಿತು ಎಂಬುದನ್ನು ಮಾತಿನಲ್ಲಿ ತಿಳಿಸಿದರೆ ಬರೆಯುವುದನ್ನು ನಾನೇ ಬರೆದುಕೊಳ್ಳುತ್ತೇನೆ.

ಕರಿಪರದೆ

ನಕಲಿನ ಮೇಲೆ ಪರೀಕ್ಷಿಸಿದ್ದಕ್ಕೆ ಮೊದಲು ನಿಮಗೆ ಅಭಿನಂದನೆ. ನೀವು ಹೇಳಿದ ನಾಲ್ಕು ಲಕ್ಷಣಗಳಲ್ಲಿ ಮೂರಕ್ಕೆ ಕಾರಣ ಒಂದೇ.

ಪೈಪಿನ ಬಲಗಡೆ ಇರುವ ಲೂಪಿಗೆ ಸ್ಟ್ಯಾಂಡರ್ಡ್ ಇನ್‌ಪುಟ್ (ಕಮಾಂಡು ಸಾಲುಗಳನ್ನು ಓದುವ ಮೂಲ) ಎಂದರೆ ಕೀಬೋರ್ಡಲ್ಲ, ಆ ಪೈಪು. ಲೂಪಿನ ಒಳಗೆ ನೀವು ಬರೆಯುವ ಪ್ರತಿಯೊಂದು ಕಮಾಂಡಿಗೂ ಅದೇ ಪೈಪು ಬಳುವಳಿಯಾಗಿ ಬರುತ್ತದೆ. ಒಂದೇ ನಲ್ಲಿಗೆ ಇಬ್ಬರು ಕೊಡ ಒಡ್ಡಿದಂತೆ, ಹೊರಗಿನ ರೀಡ್ ಒಂದು ಸಾಲು ಹಿಡಿದರೆ ಒಳಗಿನ ರೀಡ್ ಮುಂದಿನ ಸಾಲನ್ನು ಹಿಡಿಯುತ್ತದೆ. ಹೊರಗಿನದಕ್ಕೆ 0401 ಸಿಕ್ಕಿತು. "ಹೊಸ ಹೆಸರು" ಎಂದು ಒಳಗಿನದಕ್ಕೆ ಸಿಕ್ಕಿದ್ದು 0402. ಎಂವಿ ತನಗೆ ಹೇಳಿದಂತೆಯೇ 0401ಕ್ಕೆ 0402 ಎಂದು ಹೆಸರಿಟ್ಟು, ಮೊದಲೇ ಅಲ್ಲಿದ್ದ 0402ನ್ನು ಸದ್ದಿಲ್ಲದೆ ಅಳಿಸಿಹಾಕಿತು. ನಂತರ 0403 ಹೋಗಿ 0404ರ ಮೇಲೆ ಕುಳಿತಿತು. ಸಮಸಂಖ್ಯೆಗಳು ಮಾತ್ರ ಉಳಿದದ್ದೂ, ಅವುಗಳೊಳಗೆ ಬೆಸಸಂಖ್ಯೆಗಳ ಚಿತ್ರ ಇದ್ದದ್ದೂ ಇದರಿಂದಲೇ. ಪ್ರಶ್ನೆ ತೆರೆಯ ಮೇಲೆ ಮೂಡದೇ ಇದ್ದದ್ದಕ್ಕೂ ಕಾರಣ ಬೇರೆಯಲ್ಲ: ರೀಡ್‌ಗೆ ಮೈನಸ್ ಪಿ ಕೊಟ್ಟು ಬರೆದ ಪ್ರಶ್ನೆಯನ್ನು ಬ್ಯಾಷ್ ತೋರಿಸುವುದು, ಇನ್‌ಪುಟ್ ಟರ್ಮಿನಲ್‌ನಿಂದ ಬರುತ್ತಿದ್ದರೆ ಮಾತ್ರ.

ಮೈನಸ್ ಐ ಹಾಕಿದಾಗ ಆದದ್ದು ಇನ್ನೂ ಸ್ವಾರಸ್ಯಕರ. ಹೌದೋ ಅಲ್ಲವೋ ಎಂಬ ಉತ್ತರವನ್ನು ಎಂವಿ ಕೂಡ ಅದೇ ಪೈಪಿನಿಂದಲೇ ಓದಿತು, ಮತ್ತು ಅದಕ್ಕೆ ಸಿಕ್ಕ ಉತ್ತರ "ಐಎಂಜಿ_0403" ಎಂಬುದು. ಅದು ಹೌದು ಎಂಬುದರ ಇಂಗ್ಲಿಷ್ ಪದ ಯೆಸ್‌ನ ಮೊದಲಕ್ಷರವಾದ ವೈಯಿಂದ ಶುರುವಾಗುವುದಿಲ್ಲವಾದ್ದರಿಂದ ಎಂವಿ ಸುಮ್ಮನಾಯಿತು. ಬ್ಯಾಷ್‌ನ ರೀಡ್ ಪೈಪಿನಿಂದ ಒಂದೊಂದೇ ಬೈಟ್ ಓದಿ, ತನ್ನ ಸಾಲು ಮುಗಿದೊಡನೆ ನಿಲ್ಲುತ್ತದೆ. ಎಂವಿಯಂಥ ಸಾಮಾನ್ಯ ಪ್ರೋಗ್ರಾಂ ಹಾಗಲ್ಲ, ಒಂದು ಸಾಲು ಬೇಕಿದ್ದರೂ ದೊಡ್ಡ ತುತ್ತನ್ನೇ ಬಫರಿಗೆ ಎಳೆದುಕೊಳ್ಳುತ್ತದೆ. ನಿಮ್ಮ ಹನ್ನೆರಡು ಹೆಸರುಗಳ ಪಟ್ಟಿಯಲ್ಲಿ ಉಳಿದಿದ್ದುದೆಲ್ಲ ಆ ಒಂದು ತುತ್ತಿನಲ್ಲೇ ಮುಗಿದಿದ್ದರಿಂದ ಲೂಪಿಗೆ ಮುಂದೆ ಓದಲು ಏನೂ ಉಳಿಯಲಿಲ್ಲ. ಲೂಪಿನೊಳಗೆ ಎಸ್‌ಎಸ್‌ಎಚ್ ಅಥವಾ ಎಫ್‌ಎಫ್‌ಎಂಪೆಗ್‌ನಂಥ ಇನ್‌ಪುಟ್ ಓದುವ ಕಮಾಂಡು ಓಡಿಸಿದವರೆಲ್ಲರೂ ಒಂದಲ್ಲ ಒಂದು ದಿನ ಈ ಗುಂಡಿಗೆ ಬಿದ್ದಿರುತ್ತಾರೆ.

ಉಳಿದದ್ದು ಎಣಿಕೆ. ಬ್ಯಾಷ್‌ನಲ್ಲಿ ಪೈಪಿನ ತುಂಡುಗಳು ಬೇರೆ ಬೇರೆ ಸಬ್‌ಶೆಲ್‌ಗಳಲ್ಲಿ (ಬ್ಯಾಷ್‌ನ ಪ್ರತ್ಯೇಕ ನಕಲುಗಳಲ್ಲಿ) ಓಡುತ್ತವೆ. ಅಲ್ಲಿ ಏರಿಸಿದ ವೇರಿಯಬಲ್ ಆ ಸಬ್‌ಶೆಲ್ ಮುಗಿದಾಗ ಅದರೊಂದಿಗೇ ಹೋಗುತ್ತದೆ. ಹೊರಗಿನದು ಸೊನ್ನೆಯಾಗಿಯೇ ಉಳಿಯುತ್ತದೆ.

ಪರಿಹಾರ ಸರಳ: ಪೈಪನ್ನೇ ಬಿಡಿ. ಎಲ್‌ಎಸ್ ಇರುವುದು ಮನುಷ್ಯರು ಓದಲಿಕ್ಕೆ, ಸ್ಕ್ರಿಪ್ಟ್ ಓದಲಿಕ್ಕಲ್ಲ. ಫಾರ್ ಲೂಪಿಗೆ ನೇರವಾಗಿ "./*" ಮಾದರಿಯ ಗ್ಲಾಬ್ (ಫೈಲುಗಳ ಹೆಸರಿಗೆ ಹೊಂದುವ ನಮೂನೆ) ಕೊಟ್ಟರೆ ಹೆಸರುಗಳು ಮೊದಲೇ ವಿಸ್ತರಣೆಗೊಂಡು ಬರುತ್ತವೆ, ಕೀಬೋರ್ಡು ನಿಮಗೆ ಉಳಿಯುತ್ತದೆ, ಎಣಿಕೆಯೂ ಉಳಿಯುತ್ತದೆ. ಅಷ್ಟೇ ಅಲ್ಲ, ಈ ವಿಸ್ತರಣೆ ಆರಂಭದಲ್ಲಿ ಒಂದೇ ಸಲ ನಡೆಯುವುದರಿಂದ, ಹೊಸ ಹೆಸರು ಪಡೆದ ಫೈಲು ಮತ್ತೆ ಸರದಿಯಲ್ಲಿ ಬಂದು ನಿಲ್ಲುವ ಭಯವಿಲ್ಲ. ಒಳಫೋಲ್ಡರ್‌ಗಳಿಗೂ ಇಳಿಯಬೇಕೆಂದು ಫೈಂಡ್ ಎಂಬ ಕಮಾಂಡು ಬಳಸುವುದಾದರೆ, ಪಟ್ಟಿಯನ್ನು 3ನೇ ಫೈಲ್ ಡಿಸ್ಕ್ರಿಪ್ಟರ್‌ಗೆ (ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಬದಲಾದ ಇನ್ನೊಂದು ಬಾಗಿಲಿಗೆ) ಕಟ್ಟಿ, ಹೊರಗಿನ ರೀಡ್‌ಗೆ ಅಲ್ಲಿಂದ ಓದಲು ಹೇಳಿ. ಅಥವಾ ಒಳಗಿನ ರೀಡ್‌ಗೆ "/ಡೆವ್/ಟಿಟಿವೈ"ಯಿಂದ, ಅಂದರೆ ನೇರ ಟರ್ಮಿನಲ್‌ನಿಂದ, ಓದಲು ಹೇಳಿ.

ಇನ್ನು ಕೆಲವು ಎಚ್ಚರಿಕೆಗಳು. ವೇರಿಯಬಲ್ ಬಂದಲ್ಲೆಲ್ಲ ಜೋಡಿ ಉದ್ಧರಣ ಚಿಹ್ನೆ ಇರಲಿ, ಇಲ್ಲವಾದರೆ ನಡುವೆ ಜಾಗವಿರುವ ಹೆಸರು ಎರಡು ತುಂಡಾಗುತ್ತದೆ. ಹಿಂದಕ್ಕೆ ವಾಲಿದ ಓರೆಗೆರೆಯನ್ನು ಇದ್ದಂತೆಯೇ ಓದಲು ರೀಡ್‌ಗೆ ಮೈನಸ್ ಆರ್ ಕೊಡಿ. ಖಾಲಿ ಉತ್ತರ ಬಂದರೆ ಆ ಫೈಲನ್ನು ಬಿಟ್ಟು ಮುಂದೆ ಹೋಗಲಿ. ಕಂಟ್ರೋಲ್ ಡಿ ಒತ್ತಿದರೆ ರೀಡ್ ವಿಫಲವಾಗುತ್ತದೆ, ಅದನ್ನು ಹಿಡಿದು ಲೂಪಿನಿಂದ ಹೊರಬನ್ನಿ. ಉತ್ತರದಲ್ಲಿ ಓರೆಗೆರೆ ಇದ್ದರೆ ಒಪ್ಪಬೇಡಿ, ಏಕೆಂದರೆ ಅದು ಹೆಸರಾಗುವುದಿಲ್ಲ, ದಾರಿಯಾಗುತ್ತದೆ. ಫೈಲಿನ ಎಕ್ಸ್‌ಟೆನ್ಶನ್ ಅನ್ನು ಬಳಕೆದಾರರ ಕೈಗೆ ಕೊಡದೆ ಸ್ಕ್ರಿಪ್ಟೇ ಬೇರ್ಪಡಿಸಿಕೊಂಡು ಕೊನೆಗೆ ಅಂಟಿಸಲಿ.

ಹಳೆಯ ಹೆಸರನ್ನೇ ಮುಂದಿಟ್ಟು ತಿದ್ದಲು ಬಿಡಬೇಕಿದ್ದರೆ ರೀಡ್‌ಗೆ ಮೈನಸ್ ಇ ಮತ್ತು ಮೈನಸ್ ಐ ಎರಡನ್ನೂ ಕೊಡಬಹುದು. ಈ ಮೈನಸ್ ಐ ಬಂದದ್ದು ಬ್ಯಾಷ್ 4.0ರಲ್ಲಿ. ಆಪಲ್ ಗಣಕಗಳ ಜೊತೆ ಬರುವ ಬ್ಯಾಷ್ ಲೈಸೆನ್ಸಿನ ಕಾರಣಕ್ಕೆ 3.2ರಲ್ಲೇ ನಿಂತಿರುವುದರಿಂದ ಅಲ್ಲಿ ಇದು ನಡೆಯುವುದಿಲ್ಲ. ನಿಮ್ಮ ಉಬುಂಟುವಿನಲ್ಲಿ ತೊಂದರೆಯಿಲ್ಲ.

ಫೋಟೋ ತೋರಿಸಲು ಫೆಹ್ ಎಂಬ ಪುಟ್ಟ ಪ್ರೋಗ್ರಾಂ ಸಾಕು. ಅದನ್ನು ಹಿನ್ನೆಲೆಯಲ್ಲಿ ಓಡಿಸಿ, ಅದರ ಪ್ರೋಸೆಸ್ ಸಂಖ್ಯೆಯನ್ನು ನೆನಪಿಟ್ಟುಕೊಂಡು, ಉತ್ತರ ಬಂದ ಮೇಲೆ ಸ್ಕ್ರಿಪ್ಟೇ ಮುಚ್ಚಲಿ. ಹೊಸ ಕಿಟಕಿ ತೆರೆದುಕೊಂಡಾಗ ಕೀಬೋರ್ಡಿನ ಹಿಡಿತವೂ ಅದಕ್ಕೇ ಹೋಗಬಹುದು. ಹೆಸರು ಟೈಪ್ ಮಾಡುವ ಮೊದಲು ಟರ್ಮಿನಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿ.

ಸೊನ್ನೆಯಿಂದ ಎಣಿಸುವವ

ಕರಿಪರದೆಯವರು ಕೊಟ್ಟ ಕಾರಣಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಪ್ರಶ್ನೆ ಕೇಳುವ ಲೂಪಿನೊಳಗೆ ಎಂವಿ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳುವುದು ಒಂದು ಕೆಲಸ, ಬದಲಿಸುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಹೊರಟರೆ, ಎಂಟುನೂರು ಫೋಟೋಗಳ ನಡುವೆ ಎಲ್ಲೋ ಬೆರಳು ತಪ್ಪಿದ್ದು ನಿಮಗೆ ಗೊತ್ತಾಗುವ ಹೊತ್ತಿಗೆ ಹೆಸರು ಬದಲಾಗಿ ಹೋಗಿರುತ್ತದೆ. ನನಗೆ ಈ ಬುದ್ಧಿ ಬಂದದ್ದು ಬಂಧುಗಳ ಮನೆಯ ಗೃಹಪ್ರವೇಶದ ಫೋಟೋಗಳಿಗೆ ರಾತ್ರಿ ನಿದ್ದೆಗಣ್ಣಿನಲ್ಲಿ ಹೆಸರಿಡುತ್ತಾ, ಮೇಲ್ಬಾಣದ ಕೀಲಿ ಒತ್ತಿ ಹಿಂದಿನ ಹೆಸರನ್ನೇ ಮತ್ತೆ ಮತ್ತೆ ಕೊಟ್ಟ ಮೇಲೆ. ಬೆಳಿಗ್ಗೆ ನೋಡಿದರೆ ಒಂಬತ್ತು ಫೋಟೋಗಳಿದ್ದಲ್ಲಿ ಒಂದೇ ಒಂದು ಉಳಿದಿತ್ತು. ಅದರಲ್ಲಿ ಹಾಲು ಉಕ್ಕುತ್ತಿರುವ ಪಾತ್ರೆ ಬಿಟ್ಟರೆ ಮತ್ತಾರೂ ಇರಲಿಲ್ಲ.

ಹಾಗಾಗಿ ಮೊದಲ ಸ್ಕ್ರಿಪ್ಟ್ ಫೋಟೋ ತೋರಿಸಿ, ಉತ್ತರ ಕೇಳಿ, ಒಂದು ಪಠ್ಯ ಫೈಲಿಗೆ "ಹಳೆಯ ಹೆಸರು, ಟ್ಯಾಬ್, ಹೊಸ ಹೆಸರು" ಎಂದು ಒಂದು ಸಾಲು ಸೇರಿಸಿ ಸುಮ್ಮನಾಗಲಿ. ಲಿನಕ್ಸಿನಲ್ಲಿ ಫೈಲಿನ ಹೆಸರಿನಲ್ಲಿ ಬರಕೂಡದ ಬೈಟುಗಳು ಎರಡೇ, ಓರೆಗೆರೆ ಮತ್ತು ಶೂನ್ಯ ಬೈಟು. ಟ್ಯಾಬ್ ಕೂಡ ಹೆಸರಿನೊಳಗೆ ಇರಬಹುದು. ಆದರೆ ಕ್ಯಾಮೆರಾ ಇಟ್ಟ ಹೆಸರುಗಳಲ್ಲಿ ಅದು ಇರುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಟ್ಯಾಬ್ ಸಾಕು. ಎಂಟುನೂರು ಫೋಟೋ ಒಂದೇ ಕೂರಿಕೆಯಲ್ಲಿ ಮುಗಿಯುವುದಿಲ್ಲವಲ್ಲ; ಹಳೆಯ ಹೆಸರು ಆಗಲೇ ಪಟ್ಟಿಯಲ್ಲಿದ್ದರೆ ಅದನ್ನು ದಾಟಿ ಮುಂದೆ ಹೋಗುವಂತೆ ಬರೆದರೆ, ಇವತ್ತು ನಿಲ್ಲಿಸಿದಲ್ಲಿಂದ ನಾಳೆ ಶುರು ಮಾಡಬಹುದು. ಪಟ್ಟಿಯನ್ನು ಎಡಿಟರಿನಲ್ಲಿ ತೆರೆದು ನಿಧಾನವಾಗಿ ಓದಿ, ತಪ್ಪಿದ್ದಲ್ಲಿ ತಿದ್ದಿ.

ಎರಡನೆಯ ಸ್ಕ್ರಿಪ್ಟ್ ಆ ಪಟ್ಟಿಯನ್ನು ಜಾರಿ ಮಾಡುವುದು. ಕೈ ಹಚ್ಚುವ ಮೊದಲು ಅದು ಇಡೀ ಪಟ್ಟಿಯನ್ನು ಒಮ್ಮೆ ತಪಾಸಣೆ ಮಾಡಲಿ: ಹಳೆಯ ಹೆಸರಿನ ಫೈಲು ನಿಜವಾಗಿ ಇದೆಯೇ, ಹೊಸ ಹೆಸರಿನದು ಡಿಸ್ಕಿನಲ್ಲಿ ಮೊದಲೇ ಇಲ್ಲವಷ್ಟೇ, ಒಂದೇ ಹೊಸ ಹೆಸರು ಪಟ್ಟಿಯಲ್ಲಿ ಎರಡು ಸಲ ಬಂದಿಲ್ಲವಷ್ಟೇ. ಒಂದು ಸಾಲಿನಲ್ಲಿ ಐಬು ಕಂಡರೂ ಒಂದು ಫೈಲನ್ನೂ ಮುಟ್ಟದೆ ನಿಲ್ಲಬೇಕು. ಎಂವಿಗೆ ಮೈನಸ್ ಎನ್ ಕೊಟ್ಟರೆ ಇರುವ ಫೈಲಿನ ಮೇಲೆ ಅದು ಬರೆಯುವುದಿಲ್ಲ. ಮೈನಸ್ ದೊಡ್ಡ ಟಿ ಕೊಟ್ಟರೆ, ಹೊಸ ಹೆಸರಿನಲ್ಲಿ ಆಕಸ್ಮಿಕವಾಗಿ ಒಂದು ಫೋಲ್ಡರ್ ಇದ್ದ ಪಕ್ಷದಲ್ಲಿ ಫೈಲು ಅದರೊಳಗೆ ಹೋಗಿ ಅಡಗಿಕೊಳ್ಳುವುದಿಲ್ಲ. ಆದರೆ ಹಳೆಯ ಆವೃತ್ತಿಗಳಲ್ಲಿ ಮೈನಸ್ ಎನ್ ಕಾರಣಕ್ಕೆ ಕೆಲಸ ಬಿಟ್ಟಾಗಲೂ ಎಂವಿ ಯಶಸ್ಸನ್ನೇ ವರದಿ ಮಾಡುತ್ತದೆ, ಆದ್ದರಿಂದ ಹಳೆಯ ಹೆಸರು ಇನ್ನೂ ಉಳಿದಿದೆಯೇ ಎಂದು ಸ್ಕ್ರಿಪ್ಟ್ ತಾನೇ ನೋಡಿಕೊಳ್ಳಲಿ. ಪಟ್ಟಿಯಿಂದ ಇನ್ನೊಂದು ಲಾಭವುಂಟು: ಎರಡು ಕಾಲಮ್‌ಗಳನ್ನು ಅದಲುಬದಲು ಮಾಡಿ ಕೆಳಗಿನಿಂದ ಮೇಲಕ್ಕೆ ಓಡಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ.

ಬರೆಯುವ ಗೋಜೇ ಬೇಡವೆನ್ನುವವರಿಗೆ ಮೋರ್‌ಯುಟಿಲ್ಸ್ ಪ್ಯಾಕೇಜಿನಲ್ಲಿ ವಿಡಿರ್ ಎಂಬ ಸಾಧನವಿದೆ. ಅದು ಫೋಲ್ಡರಿನ ಹೆಸರುಗಳನ್ನೆಲ್ಲ ಎಡಿಟರಿನಲ್ಲಿ ಸಾಲುಸಾಲಾಗಿ ತೆರೆಯುತ್ತದೆ, ತಿದ್ದಿ ಉಳಿಸಿದಾಗ ಫೈಲುಗಳ ಹೆಸರುಗಳೂ ಬದಲಾಗುತ್ತವೆ. ಒಂದು ಸಾಲನ್ನು ಅಳಿಸಿ ಉಳಿಸಿದರೆ ಆ ಫೈಲೇ ಅಳಿದುಹೋಗುತ್ತದೆ ಎಂಬುದು ನೆನಪಿರಲಿ.

ಒತ್ತಕ್ಷರ

ಹೊಸ ಹೆಸರುಗಳನ್ನು ಕನ್ನಡದಲ್ಲೇ ಇಡುವ ಉದ್ದೇಶವಿದ್ದರೆ ಇನ್ನೂ ಒಂದೆರಡು ಸಂಗತಿಗಳನ್ನು ಗಮನಿಸಬೇಕು. ಇದ್ದರೆ ಎಂದೆ, ಆದರೆ ಕಲ್ಲು ಹುಡುಕುವವರು ವೀರಗಲ್ಲನ್ನು ಇಂಗ್ಲಿಷಿನಲ್ಲಿ ಬರೆಯಲಾರರು ಎಂದೇ ನನ್ನ ನಂಬಿಕೆ.

ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಸ್ವರಚಿಹ್ನೆಯೂ ಒಂದು ಸಂಕೇತ, ಅರ್ಧಾಕ್ಷರ ಮಾಡುವ ಗುರುತೂ ಒಂದು ಸಂಕೇತ. "ವೀರಗಲ್ಲು" ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಗಣಕಕ್ಕೆ ಎಂಟು ಸಂಕೇತ, ಡಿಸ್ಕಿನಲ್ಲಿ 24 ಬೈಟು. ಉಬುಂಟುವಿನ ಎಕ್ಸ್ಟ್4 ಫೈಲ್ ಸಿಸ್ಟಂನಲ್ಲಿ ಒಂದು ಹೆಸರಿಗೆ ಇರುವ ಮಿತಿ 255 ಬೈಟು, ಅಂದರೆ ಬರೀ ಕನ್ನಡದಲ್ಲಾದರೆ 85 ಸಂಕೇತ. ಶಿಕಾರಿಪುರ-ಬಳ್ಳಿಗಾವಿ-ವೀರಗಲ್ಲು-001 ಎಂಬ ಹೆಸರು, ಚುಕ್ಕೆ ಮತ್ತು ಮೂರಕ್ಷರದ ಎಕ್ಸ್‌ಟೆನ್ಶನ್ ಸೇರಿ 88 ಬೈಟು ಆಗುವುದರಿಂದ ನಿಮಗೆ ಅಡ್ಡಿಯಿಲ್ಲ. ಆದರೆ "ಕೆರೆ ಏರಿಯ ಮೇಲೆ ಅರಳಿಕಟ್ಟೆಯ ಎಡಕ್ಕೆ" ಎಂಬ ವಿವರಗಳನ್ನೂ ಹೆಸರಿಗೇ ತುಂಬಲು ಹೊರಟರೆ ಬೇಗನೆ ಗೋಡೆಗೆ ಹಾಯುತ್ತೀರಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಲೆಕ್ಕ ಹಿಡಿಯುವುದು ಬೈಟುಗಳಲ್ಲಲ್ಲ, ಯುಟಿಎಫ್-16ರ ಘಟಕಗಳಲ್ಲಿ. ಹಾಗಾಗಿ ಅಲ್ಲಿ ನೂರು ಸಂಕೇತಗಳ ಕನ್ನಡ ಹೆಸರು ಸಲೀಸಾಗಿ ನಿಲ್ಲುತ್ತದೆ, ಅದನ್ನು ಲಿನಕ್ಸಿಗೆ ನಕಲು ಮಾಡಹೋದಾಗ ಮಾತ್ರ ಹೆಸರು ಉದ್ದವಾಯಿತೆಂಬ ದೂರು ಬರುತ್ತದೆ.

ಇದಕ್ಕಿಂತ ಕಾಟ ಕೊಡುವುದು ಕಾಣದ ವ್ಯತ್ಯಾಸ. ಯುನಿಕೋಡ್‌ನಲ್ಲಿ "ವೀ" ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು: ವಕಾರಕ್ಕೆ ದೀರ್ಘ ಈಕಾರದ ಒಂದೇ ಚಿಹ್ನೆಯನ್ನು ಹಚ್ಚಿ, ಅಥವಾ ಹ್ರಸ್ವ ಇಕಾರದ ಚಿಹ್ನೆಯನ್ನೂ ಅದರ ಮುಂದೆ ದೀರ್ಘದ ಗುರುತನ್ನೂ ಬೇರೆಬೇರೆಯಾಗಿ ಹಚ್ಚಿ. ತೆರೆಯ ಮೇಲೆ ಎರಡೂ ಒಂದೇ. ಬೈಟುಗಳಲ್ಲಿ ಮೊದಲ ಬಗೆಯ ವೀರಗಲ್ಲು 24, ಎರಡನೆಯದು 27. ಸೊರಬದ "ಸೊ" ಅಕ್ಷರಕ್ಕೂ ಇದೇ ಪಾಡು. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನೆಲ್ಲ ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಗೆಳೆಯರ ಹಳೆಯ ಮ್ಯಾಕ್‌ನಿಂದ ಫೋಲ್ಡರ್ ತಂದು ನಿಮ್ಮದರಲ್ಲಿ ಬೆರೆಸಿದರೆ, ಒಂದೇ ಹೆಸರಿನ ಎರಡು ಫೈಲುಗಳು ಅಕ್ಕಪಕ್ಕ ಕುಳಿತು ನಗುತ್ತಿರುತ್ತವೆ, ಮತ್ತು ಸೊನ್ನೆಯಿಂದ ಎಣಿಸುವವರು ಹೇಳಿದ ತಪಾಸಣೆಗಳೆಲ್ಲ ಅವನ್ನು ಬೇರೆಬೇರೆ ಹೆಸರೆಂದೇ ಪಾಸು ಮಾಡುತ್ತವೆ. ಕನ್ವ್‌ಎಂವಿ ಎಂಬ ಸಾಧನಕ್ಕೆ ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ ಎಲ್ಲವನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ. ಅದು ತಾನಾಗಿ ಏನನ್ನೂ ಬದಲಿಸದೆ ಏನು ಮಾಡಲಿದ್ದೇನೆ ಎಂದಷ್ಟೇ ತೋರಿಸುತ್ತದೆ. ಮೈನಸ್ ಮೈನಸ್ ನೋಟೆಸ್ಟ್ ಎಂದರೆ ಮಾತ್ರ ಕೆಲಸಕ್ಕಿಳಿಯುತ್ತದೆ. ಎಲ್ಲ ಸಾಧನಗಳೂ ಹೀಗೆಯೇ ಇರಬೇಕಿತ್ತು.

"ಬಸ್‌" ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಯಲ್ಲಿ ಒತ್ತಾಗದಂತೆ ತಡೆಯುವ ಅಗೋಚರ ಸಂಕೇತವೊಂದು ಇರುತ್ತದೆ, ಇಲ್ಲದೆಯೂ ಇರುತ್ತದೆ; ಅದು ನಿಮ್ಮ ಕೀಲಿಮಣೆಯ ಮರ್ಜಿ. ಅದಕ್ಕೂ ಮೂರು ಬೈಟು.

ಇವೆಲ್ಲಕ್ಕಿಂತ ಮುಖ್ಯವಾಗಿ, ಟರ್ಮಿನಲ್‌ನಲ್ಲಿ ಕನ್ನಡ ಟೈಪ್ ಮಾಡುವ ಸಾಹಸವನ್ನೇ ಕಡಿಮೆ ಮಾಡಿಕೊಳ್ಳಿ. ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ, ಕರ್ಸರ್ ಒಂದು ಕಡೆ ಇದ್ದರೆ ಅಳಿಯುವ ಅಕ್ಷರ ಇನ್ನೊಂದು ಕಡೆ ಇರುತ್ತದೆ. ನಿಮ್ಮ ಬಗೆಗಳು ಇರುವುದೇ ನಾಲ್ಕು. 1 ಎಂದರೆ ವೀರಗಲ್ಲು, 2 ಎಂದರೆ ಮಾಸ್ತಿಗಲ್ಲು, 3 ಎಂದರೆ ಎರಡೂ ಇರುವ ಕಲ್ಲು, 4 ಎಂದರೆ ಶಾಸನ ಎಂದು ಸ್ಕ್ರಿಪ್ಟಿನಲ್ಲೇ ಬರೆದಿಟ್ಟರೆ ನೀವು ಒತ್ತಬೇಕಾದ್ದು ಒಂದೇ ಅಂಕಿ. ಊರಿನ ಹೆಸರುಗಳಿಗೂ ಅದೇ ಉಪಾಯ ಸಾಕು. ಒಂದು ಕಡೆ ಬಳ್ಳಿಗಾವಿ, ಇನ್ನೊಂದು ಕಡೆ ಬಳ್ಳಿಗಾವೆ ಎಂದು ಬರೆಯುವ ಪ್ರಮೇಯವೂ ತಪ್ಪುತ್ತದೆ. ಕ್ರಮಸಂಖ್ಯೆ ಮಾತ್ರ 001 ಎಂದೇ ಇರಲಿ, ೦೦೧ ಬೇಡ. ಪೈಥಾನ್ ಕನ್ನಡ ಅಂಕಿಗಳನ್ನೂ ಸಂಖ್ಯೆಯಾಗಿ ಓದಬಲ್ಲದು, ಬ್ಯಾಷ್ ಓದುವುದಿಲ್ಲ.

ಕಲ್ಲುಹುಡುಕ

ಮೂವರಿಗೂ ಧನ್ಯವಾದಗಳು. ಪೈಪನ್ನು ತೆಗೆದು ಗ್ಲಾಬ್ ಹಾಕಿದೆ, ಪಟ್ಟಿ ಬರೆಯುವ ಸ್ಕ್ರಿಪ್ಟನ್ನೂ ಜಾರಿ ಮಾಡುವ ಸ್ಕ್ರಿಪ್ಟನ್ನೂ ಬೇರೆ ಮಾಡಿದೆ, ಊರಿಗೂ ಬಗೆಗೂ ಅಂಕಿಗಳನ್ನು ಕೊಟ್ಟೆ. ಪ್ರಶ್ನೆ ಈಗ ತೆರೆಯ ಮೇಲೆ ಬರುತ್ತದೆ, ನಾನು ಉತ್ತರಿಸುವವರೆಗೆ ಕಾಯುತ್ತದೆ. ಇಷ್ಟಕ್ಕೇ ಎಷ್ಟು ಸಂತೋಷವಾಯಿತೆಂದರೆ ಅದೇ ಹನ್ನೆರಡು ಫೋಟೋಗಳ ಮೇಲೆ ನಾಲ್ಕು ಸಲ ಓಡಿಸಿದೆ.

ಒಂದು ತೊಡಕು ಮಾತ್ರ ಉಳಿದಿದೆ. ಕ್ರಮಸಂಖ್ಯೆಗಾಗಿ, ಅದೇ ಊರು ಮತ್ತು ಅದೇ ಬಗೆಯ ಕೊನೆಯ ಸಾಲನ್ನು ಪಟ್ಟಿಯಿಂದ ತೆಗೆದು, ಅದರ ಮೂರು ಅಂಕಿಗಳಿಗೆ ಒಂದು ಕೂಡಿಸುತ್ತಿದ್ದೇನೆ. ಬಳ್ಳಿಗಾವಿಯ ವೀರಗಲ್ಲುಗಳು 001ರಿಂದ 008ರವರೆಗೆ ಸರಿಯಾಗಿ ಬಂದವು. ಒಂಬತ್ತನೆಯದಕ್ಕೆ "ವ್ಯಾಲ್ಯೂ ಟೂ ಗ್ರೇಟ್ ಫಾರ್ ಬೇಸ್" ಎಂದು ಹೇಳಿ ಲೂಪು ಅಲ್ಲೇ ನಿಂತಿತು. ಎಂಟು ಅಷ್ಟು ದೊಡ್ಡ ಸಂಖ್ಯೆಯೇ?

ಕರಿಪರದೆ

ಬ್ಯಾಷ್‌ಗೆ ಅದು ದೊಡ್ಡದೇ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಬ್ಯಾಷ್‌ನ ಅಂಕಗಣಿತ ಅಷ್ಟಮಾನ ಪದ್ಧತಿಯದೆಂದು ಓದುತ್ತದೆ, ಆ ಪದ್ಧತಿಯಲ್ಲಿ ಅಂಕಿಗಳು ಏಳಕ್ಕೇ ಮುಗಿಯುತ್ತವೆ. 007ಕ್ಕೆ ಒಂದು ಕೂಡಿಸಿ ಎಂಟು ಮಾಡಿಕೊಡಲು ಅದಕ್ಕೆ ಕಷ್ಟವಾಗಲಿಲ್ಲ. 008 ಎಂದು ಬರೆದಿದ್ದನ್ನು ಮತ್ತೆ ಓದುವಾಗ ಎಡವಿತು. ಅಲ್ಲೇ ನಿಂತದ್ದು ನಿಮ್ಮ ಅದೃಷ್ಟ. ನೀವು 010ರಿಂದ ಎಣಿಕೆ ಶುರು ಮಾಡಿದ್ದರೆ ಅದನ್ನು ಎಂಟೆಂದೇ ಓದಿ, ಒಂದು ಕೂಡಿಸಿ, ಏನೂ ಆಗಿಲ್ಲವೆಂಬಂತೆ 009 ಕೊಡುತ್ತಿತ್ತು.

ಕೂಡಿಸುವ ಜಾಗದಲ್ಲಿ ವೇರಿಯಬಲ್‌ಗೆ ಮೊದಲು, ಅದಕ್ಕೆ ಅಂಟಿಸಿ, 10# ಎಂದು ಬರೆಯಿರಿ. ಇದು ದಶಮಾನದ ಸಂಖ್ಯೆ ಎಂದು ಹೇಳಿದಂತಾಗುತ್ತದೆ. ವೇರಿಯಬಲ್‌ನ ಡಾಲರ್ ಚಿಹ್ನೆಯನ್ನು ಅಲ್ಲಿ ಬಿಡಬೇಡಿ. ಮತ್ತೆ ಮೂರು ಅಂಕಿಗಳಿಗೆ ಸೊನ್ನೆ ತುಂಬುವ ಕೆಲಸವನ್ನು ಪ್ರಿಂಟ್‌ಎಫ್ ಕಮಾಂಡು ಮಾಡಲಿ, ಆದರೆ ಅದಕ್ಕೂ 008 ಎಂದು ಕೊಡದೆ, ಕೂಡಿಸಿ ಬಂದ ಬರಿಯ 9ನ್ನೇ ಕೊಡಿ.

ಕಲ್ಲುಹುಡುಕ

10# ಹಾಕಿದ ಮೇಲೆ ಸರಿಯಾಯಿತು. ನಿನ್ನೆ ರಾತ್ರಿ ಮೊದಲ ಕಂತಿನಲ್ಲಿ ನೂರಾ ನಲವತ್ತು ಫೋಟೋಗಳಿಗೆ ಉತ್ತರ ಕೊಟ್ಟು ಪಟ್ಟಿ ಮಾಡಿದೆ. ಬೆಳಿಗ್ಗೆ ಓದಿ ನೋಡಿದರೆ, ಕೈ ಎತ್ತಿದ ಮಾಸ್ತಿಗಲ್ಲುಗಳು ನಡುವೆ ಸಾಲಾಗಿ ಆರು ಕಡೆ ಶಾಸನವೆಂದು ದಾಖಲಾಗಿದ್ದವು. ನಾನು 2ರ ಬದಲು 4ನ್ನು ಒತ್ತಿಕೊಂಡು ಹೋಗಿದ್ದೆ. ಎಡಿಟರಿನಲ್ಲಿ ತಿದ್ದಿದ್ದೇನೆ, ಎರಡನೆಯ ಸ್ಕ್ರಿಪ್ಟನ್ನು ಇನ್ನೂ ಓಡಿಸಿಲ್ಲ. ಸಂಜೆ ಮತ್ತೊಮ್ಮೆ ಓದಿ ಓಡಿಸುತ್ತೇನೆ.